ಮುಚ್ಚಿದ, ಬಿಸಿಯಾಗುವ ಫಿಟಿಂಗ್‌ಗಳಿಗೆ ದೀರ್ಘ ಬಾಳಿಕೆಯ ಬಲ್ಬುಗಳ ಆಯ್ಕೆ: ಕೋಳಿಮನೆ, ಕೊಟ್ಟಿಗೆ, ಪಂಪ್‌ಮನೆ ಮತ್ತು ಉಗ್ರಾಣಗಳಿಗೆ ಮಾರ್ಗದರ್ಶಿ

ಪೀಠಿಕೆ

ಕೋಳಿಮನೆ, ದನದ ಕೊಟ್ಟಿಗೆ, ಪಂಪ್‌ಮನೆ, ಉಗ್ರಾಣ ಹಾಗೂ ಹಿತ್ತಿಲ ಕಾವಲು ದೀಪಗಳಿಗೆ ಧೂಳು, ಮಳೆನೀರು ಮತ್ತು ಹುಳುಗಳಿಂದ ರಕ್ಷಣೆ ಅಗತ್ಯ. ಆದುದರಿಂದ ಇಂತಹ ಸ್ಥಳಗಳಲ್ಲಿ ಬಲ್ಬನ್ನು ಗಾಜಿನ ಅಥವಾ ಪಾಲಿಕಾರ್ಬೊನೇಟ್ ಮುಚ್ಚಳವಿರುವ ಫಿಟಿಂಗ್‌ನೊಳಗೆ ಇರಿಸುವುದು ರೂಢಿಯಲ್ಲಿದೆ. ಧೂಳನ್ನೂ ನೀರನ್ನೂ ಹೊರಗೆ ತಡೆಯುವ ಇದೇ ಮುಚ್ಚಳ, ಬಲ್ಬಿನ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಹಳೆಯ ಬುರುಡೆ ಬಲ್ಬುಗಳ ಕಾಲದಲ್ಲಿ ಇದರಿಂದ ಬಲ್ಬಿಗೆ ಹೆಚ್ಚಿನ ಹಾನಿ ಆಗುತ್ತಿರಲಿಲ್ಲ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯ ನಂತರ ಎಲ್‌ಇಡಿ ಬಲ್ಬುಗಳು ಹಳ್ಳಿಹಳ್ಳಿಗೂ ತಲುಪಿದವು. ಬಲ್ಬು ಬದಲಾಯಿತು; ಬಹಳಷ್ಟು ಕಡೆ ಫಿಟಿಂಗ್ ಹಳೆಯದೇ ಉಳಿಯಿತು. ಪೆಟ್ಟಿಗೆಯ ಮೇಲೆ 25,000 ಗಂಟೆಗಳ ಬಾಳಿಕೆ ಎಂದು ಮುದ್ರಿತವಾಗಿದ್ದರೂ ಬಲ್ಬು ಕೆಲವೇ ತಿಂಗಳುಗಳಲ್ಲಿ ಆರಿಹೋಗುವುದಕ್ಕೆ ಅನೇಕ ಬಾರಿ ಕಾರಣ ಈ ಹೊಂದಾಣಿಕೆಯ ಕೊರತೆಯೇ.

ಬಲ್ಬು ಕೆಡುವುದರಿಂದ ಆಗುವ ನಷ್ಟ ಬಲ್ಬಿನ ಬೆಲೆಗೆ ಸೀಮಿತವಲ್ಲ. ಮೊಟ್ಟೆಕೋಳಿಗಳಿಗೆ ದೊರೆಯಬೇಕಾದ ಬೆಳಕಿನ ಅವಧಿ ಕಡಿಮೆಯಾದರೆ ಮೊಟ್ಟೆ ಇಳುವರಿ ಕುಸಿಯುತ್ತದೆ. ಮರಿಗಳಿರುವ ಮನೆಯಲ್ಲಿ ಇದ್ದಕ್ಕಿದ್ದಂತೆ ಕತ್ತಲಾದರೆ ಮರಿಗಳು ಒಂದೆಡೆ ಗುಂಪಾಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯಬಹುದು. ಪ್ರತಿ ಬಾರಿ ಬಲ್ಬು ಬದಲಿಸಲು ಏಣಿ ಹತ್ತುವಾಗ ಬೀಳುವ ಮತ್ತು ವಿದ್ಯುದಾಘಾತಕ್ಕೆ ಒಳಗಾಗುವ ಅಪಾಯವಿರುತ್ತದೆ. ಒಣಹುಲ್ಲು ಅಥವಾ ಹತ್ತಿ ಸಂಗ್ರಹಿಸಿದ ಕಡೆ ಅತಿಯಾಗಿ ಬಿಸಿಯಾದ ಹೋಲ್ಡರ್ ಬೆಂಕಿಗೆ ಕಾರಣವಾಗಬಲ್ಲದು. ಆದುದರಿಂದ ಬಲ್ಬಿನ ಆಯ್ಕೆಯನ್ನು ಸಣ್ಣ ವಿಷಯವೆಂದು ಕಡೆಗಣಿಸಬಾರದು.

ಮುಚ್ಚಿದ ಫಿಟಿಂಗ್ ಎಂದರೇನು?

ಬಲ್ಬಿನ ಸುತ್ತಲಿನ ಗಾಳಿಯು ಹೊರಗಿನ ಗಾಳಿಯೊಂದಿಗೆ ಸರಾಗವಾಗಿ ಬೆರೆಯಲು ಅವಕಾಶವಿಲ್ಲದ ಎಲ್ಲ ಫಿಟಿಂಗ್‌ಗಳೂ ಮುಚ್ಚಿದ ಫಿಟಿಂಗ್‌ಗಳೇ. ಗೋಡೆಗೆ ಕೂರಿಸುವ, ತಂತಿ ಜಾಲರಿ ಹೊದಿಸಿದ ಬಲ್ಕ್‌ಹೆಡ್ ದೀಪ, ಗಾಜಿನ ಜಾಡಿಯಂತೆ ಕೆಳಮುಖವಾಗಿ ತೂಗುವ ವೆಲ್‌ಗ್ಲಾಸ್ ದೀಪ, ಗೇಟಿನ ಕಂಬದ ಮೇಲಿನ ದುಂಡು ಗೋಳ, ಚಾವಣಿಗೆ ಅಂಟಿಕೊಂಡ ಬಟ್ಟಲಿನಾಕಾರದ ದೀಪ ಇವು ಸಾಮಾನ್ಯ ಉದಾಹರಣೆಗಳು. ತಳಭಾಗ ಮಾತ್ರ ತೆರೆದಿದ್ದು ಮೇಲ್ಭಾಗ ಮುಚ್ಚಿರುವ ಆಳವಾದ ಶೇಡ್‌ಗಳನ್ನೂ ಈ ಗುಂಪಿಗೇ ಸೇರಿಸಬೇಕು. ಏಕೆಂದರೆ ಬಿಸಿ ಗಾಳಿ ಮೇಲಕ್ಕೇರಿ ಅಲ್ಲಿಯೇ ನಿಲ್ಲುತ್ತದೆ.

ಫಿಟಿಂಗ್ ಇರುವ ಸ್ಥಳದ ಉಷ್ಣತೆಯೂ ಮುಖ್ಯ. ರಾಯಚೂರು, ಕಲಬುರಗಿ, ಬಳ್ಳಾರಿ ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಗಡಿನ ಚಾವಣಿಯ ಕೆಳಗೆ ನಿಂತ ಗಾಳಿ ಇದಕ್ಕಿಂತಲೂ ಬಿಸಿಯಾಗಿರುತ್ತದೆ. ಅಲ್ಲಿ ಹಗಲಿನಲ್ಲಿ ಉರಿಯುವ ದೀಪ, ಸಂಜೆ ಮಾತ್ರ ಉರಿಯುವ ದೀಪಕ್ಕಿಂತ ಬೇಗ ಸವೆಯುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಉಷ್ಣತೆಗಿಂತ ತೇವಾಂಶದ ಸಮಸ್ಯೆ ಹೆಚ್ಚು.

ಶಾಖವು ಬಲ್ಬನ್ನು ಕೆಡಿಸುವ ಬಗೆ

ಬುರುಡೆ ಬಲ್ಬು: ಈ ಬಲ್ಬಿನ ಟಂಗ್‌ಸ್ಟನ್ ತಂತು 2,000 ಡಿಗ್ರಿಗೂ ಹೆಚ್ಚು ಬಿಸಿಯಾಗಿ ಬೆಳಗುತ್ತದೆ. ಬಳಸಿದ ವಿದ್ಯುತ್ತಿನ ಶೇ. 90ಕ್ಕೂ ಹೆಚ್ಚು ಭಾಗ ಶಾಖವಾಗಿ ಹೋಗುತ್ತದೆ. ಗಾಜು, ಲೋಹ ಮತ್ತು ತಂತುಗಳಿಂದಷ್ಟೇ ಮಾಡಿದ ಈ ಬಲ್ಬಿಗೆ ಫಿಟಿಂಗ್‌ನೊಳಗಿನ ಬಿಸಿ ಬಾಧಕವಲ್ಲ. ಆದರೆ ಅದರ ಬಾಳಿಕೆ ಸುಮಾರು 1,000 ಗಂಟೆ ಮಾತ್ರ. ವಿದ್ಯುತ್ ಖರ್ಚು ಬಹಳ ಹೆಚ್ಚು. ಜೊತೆಗೆ ಅದರ ಶಾಖ ಹೋಲ್ಡರನ್ನೂ ತಂತಿಯ ಹೊದಿಕೆಯನ್ನೂ ಸುಡುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ತಂತಿ ತಾಳಿಕೊಳ್ಳಬಲ್ಲ ಉಷ್ಣತೆ 70 ಡಿಗ್ರಿ.

ಸಿಎಫ್‌ಎಲ್ ಬಲ್ಬು: ಇದರ ಬುಡದಲ್ಲಿ ಎಲೆಕ್ಟ್ರಾನಿಕ್ ಚೋಕ್ ಇರುತ್ತದೆ. ಮುಚ್ಚಿದ ಫಿಟಿಂಗ್‌ನಲ್ಲಿ ಅದು ಬೇಗ ಕೆಡುತ್ತದೆ. ಬಲ್ಬಿನಲ್ಲಿ ಪಾದರಸವಿರುವುದರಿಂದ ಮೇವು, ಆಹಾರಧಾನ್ಯ ಮತ್ತು ಕೋಳಿಗಳಿರುವ ಸ್ಥಳಗಳಲ್ಲಿ ಒಡೆದರೆ ಅಪಾಯ. ಇದನ್ನು ಹೊಸದಾಗಿ ಅಳವಡಿಸುವುದು ಸೂಕ್ತವಲ್ಲ.

ಎಲ್‌ಇಡಿ ಬಲ್ಬು: ಇದನ್ನು ತಂಪು ಬಲ್ಬು ಎಂದು ಭಾವಿಸುವುದು ಸಾಮಾನ್ಯ. ಬುರುಡೆ ಬಲ್ಬಿಗೆ ಹೋಲಿಸಿದರೆ ಒಟ್ಟು ಶಾಖ ಕಡಿಮೆ ಎಂಬುದು ನಿಜ. ಆದರೆ ಎಲ್‌ಇಡಿ ಬಲ್ಬು ಕೂಡ ಬಳಸಿದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಶಾಖವಾಗಿ ಪರಿವರ್ತಿಸುತ್ತದೆ. ಬುರುಡೆ ಬಲ್ಬಿನ ಶಾಖದ ಬಹುಪಾಲು ಕಿರಣವಾಗಿ ಹೊರಗೆ ಹೋಗುತ್ತದೆ; ಎಲ್‌ಇಡಿಯ ಶಾಖ ಬಲ್ಬಿನ ಕತ್ತಿನ ಭಾಗದಲ್ಲಿಯೇ ಹುಟ್ಟಿ, ಅಲ್ಲಿಂದ ಸುತ್ತಲಿನ ಗಾಳಿಗೆ ಹರಿಯಬೇಕು. ಆ ಗಾಳಿಯೇ ಬಿಸಿಯಾಗಿದ್ದರೆ ಶಾಖಕ್ಕೆ ಹೋಗಲು ದಾರಿಯಿಲ್ಲ.

ಬಲ್ಬಿನ ಕತ್ತಿನಲ್ಲಿಯೇ ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್ ಇರುತ್ತದೆ. ಹಲವು ಬಲ್ಬುಗಳ ಡ್ರೈವರ್‌ನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಯಿದ್ದು, ಅದರೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. ಇದರ ಬಾಳಿಕೆಗೆ ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿ ಒಂದು ಸರಳ ನಿಯಮವಿದೆ: ಉಷ್ಣತೆ 10 ಡಿಗ್ರಿ ಹೆಚ್ಚಾದರೆ ಬಾಳಿಕೆ ಅರ್ಧವಾಗುತ್ತದೆ, 10 ಡಿಗ್ರಿ ಕಡಿಮೆಯಾದರೆ ಇಮ್ಮಡಿಯಾಗುತ್ತದೆ. ಉದಾಹರಣೆಗೆ, 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಕೆಪಾಸಿಟರ್ 95 ಡಿಗ್ರಿಯಲ್ಲಿ 10,000 ಗಂಟೆ, 85 ಡಿಗ್ರಿಯಲ್ಲಿ 20,000 ಗಂಟೆ, 75 ಡಿಗ್ರಿಯಲ್ಲಿ 40,000 ಗಂಟೆ ಬಾಳಬಹುದು. ತೆರೆದ ಹೋಲ್ಡರ್‌ನಲ್ಲಿ 75 ಡಿಗ್ರಿಯಲ್ಲಿರುವ ಡ್ರೈವರ್, ಮುಚ್ಚಿದ ಫಿಟಿಂಗ್‌ನಲ್ಲಿ 95 ಡಿಗ್ರಿಗೆ ಏರಿದರೆ ಬಾಳಿಕೆ ಕಾಲುಭಾಗಕ್ಕೆ ಇಳಿಯುತ್ತದೆ. ಬಲ್ಬಿನ ಗುಣಮಟ್ಟದಲ್ಲಿ ಯಾವ ದೋಷವೂ ಇಲ್ಲದಿದ್ದರೂ ಹೀಗಾಗುತ್ತದೆ.

ಹೋಲ್ಡರ್ ಮೇಲಿದ್ದು ಬಲ್ಬು ಕೆಳಮುಖವಾಗಿ ತೂಗುವಾಗ ಬಿಸಿ ಗಾಳಿ ಮೇಲೇರಿ ನೇರವಾಗಿ ಡ್ರೈವರ್ ಇರುವ ಕತ್ತಿನ ಸುತ್ತ ಸೇರುತ್ತದೆ. ಆದುದರಿಂದ ವೆಲ್‌ಗ್ಲಾಸ್ ಫಿಟಿಂಗ್‌ಗಳಲ್ಲಿ ಈ ತೊಂದರೆ ಅಧಿಕ.

ಪೆಟ್ಟಿಗೆಯ ಮೇಲಿನ ಗಂಟೆಗಳ ಅರ್ಥ

ಪೆಟ್ಟಿಗೆಯ ಮೇಲೆ ನಮೂದಿಸುವ ಬಾಳಿಕೆಯು ಸಾಮಾನ್ಯವಾಗಿ ಸುಮಾರು 25 ಡಿಗ್ರಿ ಉಷ್ಣತೆಯ ತೆರೆದ ಗಾಳಿಯಲ್ಲಿ ನಡೆಸಿದ ಪರೀಕ್ಷೆಯನ್ನು ಆಧರಿಸಿರುತ್ತದೆ. ಬಲ್ಬನ್ನು 25,000 ಗಂಟೆಗಳ ಕಾಲ, ಅಂದರೆ ಸುಮಾರು ಮೂರು ವರ್ಷ ಬಿಡದೆ ಉರಿಸಿ ನೋಡಿ ಬರೆದ ಸಂಖ್ಯೆ ಇದಲ್ಲ. ಕೆಲವು ಸಾವಿರ ಗಂಟೆಗಳ ಪರೀಕ್ಷೆಯಿಂದ ಮಾಡಿದ ಅಂದಾಜು. ಅಲ್ಲದೆ, ಬೆಳಕು ಆರಂಭದ ಶೇ. 70ಕ್ಕೆ ಇಳಿಯುವವರೆಗಿನ ಅವಧಿಯನ್ನು ಎಲ್‌ಇಡಿಯ ಬಾಳಿಕೆ ಎಂದು ಪರಿಗಣಿಸುವುದು ವಾಡಿಕೆ. ಡ್ರೈವರ್ ಅದಕ್ಕೂ ಮೊದಲೇ ಕೆಟ್ಟರೆ ಆ ಸಂಖ್ಯೆಗೆ ಅರ್ಥ ಉಳಿಯುವುದಿಲ್ಲ.

ಇಂಧನ ದಕ್ಷತಾ ಬ್ಯೂರೊ ನೀಡುವ ನಕ್ಷತ್ರ ಗುರುತು ಒಂದು ವ್ಯಾಟ್‌ಗೆ ಎಷ್ಟು ಬೆಳಕು ದೊರೆಯುತ್ತದೆ ಎಂಬುದನ್ನು ತಿಳಿಸುತ್ತದೆ. ಮುಚ್ಚಿದ ಫಿಟಿಂಗ್‌ನಲ್ಲಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನಲ್ಲ. ಆದರೂ ಹೆಚ್ಚು ನಕ್ಷತ್ರದ ಬಲ್ಬು ಅದೇ ಬೆಳಕಿಗೆ ಕಡಿಮೆ ವಿದ್ಯುತ್ ಬಳಸುವುದರಿಂದ ಕಡಿಮೆ ಶಾಖ ಹುಟ್ಟಿಸುತ್ತದೆ. ಈ ಕಾರಣಕ್ಕೆ ಮುಚ್ಚಿದ ಫಿಟಿಂಗ್‌ಗೆ ನಕ್ಷತ್ರ ಗುರುತು ಪರೋಕ್ಷವಾಗಿ ಉಪಯುಕ್ತ.

ಫಿಟಿಂಗ್‌ನ ಮೇಲಿನ ‘ಗರಿಷ್ಠ 60 ವ್ಯಾಟ್’ ಎಂಬ ಬರಹ

ಹಳೆಯ ಫಿಟಿಂಗ್‌ಗಳ ಮೇಲೆ ಗರಿಷ್ಠ 60 ಅಥವಾ 100 ವ್ಯಾಟ್ ಎಂದು ಬರೆದಿರುತ್ತದೆ. ಇದು ಬುರುಡೆ ಬಲ್ಬಿನ ಶಾಖದಿಂದ ಫಿಟಿಂಗ್ ಸುಡದಿರಲಿ ಎಂದು ಹಾಕಿದ ಮಿತಿ. 60 ವ್ಯಾಟ್‌ವರೆಗೆ ಅವಕಾಶವಿದೆ ಎಂದು 20 ಅಥವಾ 30 ವ್ಯಾಟ್‌ನ ದೊಡ್ಡ ಎಲ್‌ಇಡಿ ಬಲ್ಬನ್ನು ಅದರೊಳಗೆ ಹಾಕಿದರೆ ಫಿಟಿಂಗ್ ಸುಡಲಿಕ್ಕಿಲ್ಲ. ಬಲ್ಬು ಮಾತ್ರ ಖಂಡಿತವಾಗಿ ಬೇಗ ಕೆಡುತ್ತದೆ. 60 ವ್ಯಾಟ್ ಬುರುಡೆ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು, ಅಂದರೆ ಸುಮಾರು 700ರಿಂದ 800 ಲುಮೆನ್, 8 ಅಥವಾ 9 ವ್ಯಾಟ್ ಎಲ್‌ಇಡಿ ಬಲ್ಬು ಕೊಡುತ್ತದೆ.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

1. ಮುಚ್ಚಿದ ಫಿಟಿಂಗ್‌ಗೆ ಯೋಗ್ಯವೇ ಎಂಬ ಸೂಚನೆ: ಪೆಟ್ಟಿಗೆಯ ಪಕ್ಕದ ಸಣ್ಣ ಅಕ್ಷರಗಳನ್ನು ಓದಬೇಕು. ಕೆಲವು ಬಲ್ಬುಗಳ ಮೇಲೆ ಸಂಪೂರ್ಣ ಮುಚ್ಚಿದ ಫಿಟಿಂಗ್‌ನಲ್ಲಿ ಬಳಸಬಾರದು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಅಂತಹ ಬಲ್ಬನ್ನು ಅಲ್ಲಿ ಬಳಸಿದರೆ ಖಾತರಿಯೂ ಅನ್ವಯವಾಗದಿರಬಹುದು.

2. ಕಾರ್ಯನಿರ್ವಹಣಾ ಉಷ್ಣತೆ: ಗರಿಷ್ಠ 40 ಡಿಗ್ರಿ ಎಂದಿರುವ ಬಲ್ಬಿಗಿಂತ 45 ಅಥವಾ 50 ಡಿಗ್ರಿ ಎಂದಿರುವುದನ್ನು ಆರಿಸಬೇಕು. ಇದು ಬಲ್ಬಿನ ಸುತ್ತಲಿನ ಗಾಳಿಯ, ಅಂದರೆ ಫಿಟಿಂಗ್‌ನೊಳಗಿನ ಗಾಳಿಯ ಉಷ್ಣತೆ ಎಂಬುದನ್ನು ನೆನಪಿಡಬೇಕು.

3. ಕಡಿಮೆ ವ್ಯಾಟ್: ಕೆಲಸಕ್ಕೆ ಸಾಕಾಗುವಷ್ಟೇ ಬೆಳಕು ಕೊಡುವ, ಅತಿ ಕಡಿಮೆ ವ್ಯಾಟ್‌ನ ಬಲ್ಬನ್ನು ಆರಿಸಬೇಕು. ಇದು ಎಲ್ಲಕ್ಕಿಂತ ಮುಖ್ಯವಾದ ಅಂಶ.

4. ವೋಲ್ಟೇಜ್ ವ್ಯಾಪ್ತಿ: ನಮ್ಮ ಗೃಹಬಳಕೆಯ ಪೂರೈಕೆ 230 ವೋಲ್ಟ್. ಗ್ರಾಮೀಣ ಮಾರ್ಗಗಳಲ್ಲಿ ಸಂಜೆ ಇಳಿದು, ನಡುರಾತ್ರಿ ಹೊರೆ ಕಡಿಮೆಯಾದಾಗ ಏರುವುದುಂಟು. ವಿಶಾಲ ವೋಲ್ಟೇಜ್ ವ್ಯಾಪ್ತಿ ನಮೂದಿಸಿರುವ ಬಲ್ಬು ಉತ್ತಮ. ಸಿಡಿಲು ಹಾಗೂ ಮೋಟಾರು ಚಾಲನೆಯಿಂದ ಉಂಟಾಗುವ ವೋಲ್ಟೇಜ್ ಜಿಗಿತವನ್ನು ತಡೆಯುವ ಸಾಮರ್ಥ್ಯವನ್ನು ಪೆಟ್ಟಿಗೆಯ ಮೇಲೆ ಕಿಲೋವೋಲ್ಟ್‌ಗಳಲ್ಲಿ ಸೂಚಿಸಿರುತ್ತಾರೆ, ಹೆಚ್ಚಿರುವುದನ್ನು ಆರಿಸಬೇಕು.

5. ಭಾರತೀಯ ಮಾನಕ ಬ್ಯೂರೊ ಗುರುತು: ಎಲ್‌ಇಡಿ ಬಲ್ಬುಗಳಿಗೆ ಐಎಸ್ 16102 ಮಾನಕ ಅನ್ವಯಿಸುತ್ತದೆ. ಬಲ್ಬಿನ ಅಥವಾ ಪೆಟ್ಟಿಗೆಯ ಮೇಲೆ ಮಾನಕ ಗುರುತು ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಸಂತೆಯಲ್ಲಿ ಗುರುತಿಲ್ಲದೆ ಮಾರುವ ಅಗ್ಗದ ಬಲ್ಬುಗಳನ್ನು ಮುಚ್ಚಿದ ಫಿಟಿಂಗ್‌ಗಳಿಗೆ ಬಳಸಬಾರದು.

6. ತೂಕ ಮತ್ತು ಕತ್ತಿನ ರಚನೆ: ಒಂದೇ ವ್ಯಾಟ್‌ನ ಎರಡು ಬಲ್ಬುಗಳಲ್ಲಿ ಭಾರವಿರುವುದರಲ್ಲಿ ಶಾಖ ಹರಡುವ ಅಲ್ಯೂಮಿನಿಯಂ ಹೆಚ್ಚಿರುವ ಸಾಧ್ಯತೆ ಇದೆ. ತೀರ ಹಗುರವಾದ ಪ್ಲಾಸ್ಟಿಕ್ ಬಲ್ಬು ಬೇಡ.

7. ಖಾತರಿ: ಎರಡು ವರ್ಷದ ಖಾತರಿಯ ಬಲ್ಬಿಗೆ ಸ್ವಲ್ಪ ಹೆಚ್ಚು ಬೆಲೆ ತೆತ್ತರೂ ಲಾಭವೇ. ರಸೀದಿಯನ್ನು ಕಾಪಾಡಬೇಕು. ಅಳವಡಿಸಿದ ದಿನಾಂಕವನ್ನು ಅಳಿಸದ ಶಾಯಿಯಿಂದ ಬಲ್ಬಿನ ಕತ್ತಿನ ಮೇಲೆ ಬರೆದಿಟ್ಟರೆ ಬಾಳಿಕೆಯ ಲೆಕ್ಕ ತಾನಾಗಿಯೇ ಸಿಗುತ್ತದೆ.

ವ್ಯಾಟ್ ನಿರ್ಧರಿಸುವ ವಿಧಾನ

ಒಂದೇ ಫಿಟಿಂಗ್‌ನಲ್ಲಿ ಒಳಗಿನ ಗಾಳಿಯ ಉಷ್ಣತೆಯ ಏರಿಕೆ ಬಲ್ಬಿನ ವ್ಯಾಟ್‌ಗೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ. ಇದನ್ನು ಅಳೆಯುವುದು ಕಷ್ಟವಲ್ಲ. ಮೇನ್ ಸ್ವಿಚ್ ಆರಿಸಿ, ಮುಚ್ಚಳ ತೆಗೆದು, ತಂತಿ ಸಂವೇದಕವಿರುವ ಡಿಜಿಟಲ್ ಉಷ್ಣಮಾಪಕದ ತುದಿಯನ್ನು ವಿದ್ಯುತ್ ಭಾಗಗಳಿಗೆ ತಾಗದಂತೆ ಬಲ್ಬಿನ ಕತ್ತಿನ ಸಮೀಪ ಇರಿಸಿ ಮುಚ್ಚಬೇಕು. ಎರಡು ಗಂಟೆ ದೀಪ ಉರಿದ ನಂತರ ಒಳಗಿನ ಮತ್ತು ಹೊರಗಿನ ಉಷ್ಣತೆಗಳನ್ನು ಓದಬೇಕು. ಈ ಕೆಲಸವನ್ನು ವಿದ್ಯುತ್ ಕೆಲಸ ಬಲ್ಲವರೇ ಮಾಡಬೇಕು.

ಒಂದು ಉದಾಹರಣೆ: ಹೊರಗೆ 38 ಡಿಗ್ರಿ ಇದ್ದಾಗ 9 ವ್ಯಾಟ್ ಬಲ್ಬಿರುವ ಫಿಟಿಂಗ್‌ನೊಳಗೆ 65 ಡಿಗ್ರಿ ಕಂಡುಬಂದಿತೆಂದು ಭಾವಿಸೋಣ. ಏರಿಕೆ 27 ಡಿಗ್ರಿ, ಅಂದರೆ ವ್ಯಾಟ್ ಒಂದಕ್ಕೆ 3 ಡಿಗ್ರಿ. ಅದೇ ಫಿಟಿಂಗ್‌ನಲ್ಲಿ 5 ವ್ಯಾಟ್ ಬಲ್ಬು ಹಾಕಿದರೆ ಏರಿಕೆ ಸುಮಾರು 15 ಡಿಗ್ರಿ. ಒಳಗಿನ ಉಷ್ಣತೆ 53 ಡಿಗ್ರಿ. ಹನ್ನೆರಡು ಡಿಗ್ರಿಯ ಈ ಇಳಿಕೆಯಿಂದ, ಮೇಲೆ ಹೇಳಿದ ನಿಯಮದಂತೆ, ಕೆಪಾಸಿಟರ್‌ನ ಬಾಳಿಕೆ ಇಮ್ಮಡಿಗಿಂತ ಹೆಚ್ಚಾಗುತ್ತದೆ.

ಅಳೆಯಲು ಅನುಕೂಲವಿಲ್ಲದಿದ್ದರೆ ಈ ಸ್ಥೂಲ ನಿಯಮ ಅನುಸರಿಸಬಹುದು: ತೆರೆದ ಹೋಲ್ಡರ್‌ನಲ್ಲಿ ಬಳಸುತ್ತಿದ್ದ ಬಲ್ಬಿನ ಸುಮಾರು ಅರ್ಧದಷ್ಟು ವ್ಯಾಟ್‌ನ ಬಲ್ಬನ್ನು ಮುಚ್ಚಿದ ಫಿಟಿಂಗ್‌ಗೆ ಹಾಕಬೇಕು. ಬೆಳಕು ಸಾಲದಿದ್ದರೆ ಒಂದೇ ಫಿಟಿಂಗ್‌ನಲ್ಲಿ ದೊಡ್ಡ ಬಲ್ಬು ಹಾಕುವುದರ ಬದಲು, ಎರಡು ಫಿಟಿಂಗ್‌ಗಳಲ್ಲಿ ಎರಡು ಸಣ್ಣ ಬಲ್ಬುಗಳನ್ನು ಹಾಕಬೇಕು. ಇದರಿಂದ ಬೆಳಕು ಸಮನಾಗಿ ಹರಡುತ್ತದೆ. ಒಂದು ಕೆಟ್ಟರೂ ಪೂರ್ಣ ಕತ್ತಲಾಗುವುದಿಲ್ಲ.

ಫಿಟಿಂಗನ್ನೇ ಬದಲಿಸಬೇಕಾದ ಸಂದರ್ಭಗಳು

ಹೆಚ್ಚು ಬೆಳಕು ಬೇಕಾದ ಕಡೆ, ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ಉರಿಯುವ ಕಡೆ ಹಾಗೂ ಕಡಿಮೆ ವ್ಯಾಟ್‌ನ ಉತ್ತಮ ಬಲ್ಬು ಹಾಕಿದರೂ ಪದೇ ಪದೇ ಕೆಡುವ ಕಡೆ, ಬಲ್ಬು ಹಾಕುವ ಫಿಟಿಂಗ್‌ಗೆ ಬದಲಾಗಿ ಎಲ್‌ಇಡಿಯನ್ನು ಒಳಗೇ ಜೋಡಿಸಿದ ಪೂರ್ಣ ದೀಪವನ್ನು ಅಳವಡಿಸುವುದು ಲಾಭಕರ. ಇಂತಹ ಬಲ್ಕ್‌ಹೆಡ್ ದೀಪಗಳಲ್ಲಿ ಎಲ್‌ಇಡಿ ತಟ್ಟೆ ನೇರವಾಗಿ ಲೋಹದ ಬೆನ್ನಿಗೆ ಅಂಟಿಕೊಂಡಿದ್ದು, ಶಾಖ ಆ ಬೆನ್ನಿನ ಮೂಲಕ ಹೊರಗಿನ ಗಾಳಿಗೆ ಹೋಗುತ್ತದೆ. ಪ್ಲಾಸ್ಟಿಕ್ ಬೆನ್ನಿನ ದೀಪಕ್ಕಿಂತ ಎರಕದ ಅಲ್ಯೂಮಿನಿಯಂ ಬೆನ್ನಿನ ದೀಪ ಶ್ರೇಷ್ಠ. ಉದ್ದನೆಯ ಮನೆಗಳಿಗೆ ಧೂಳು-ನೀರು ನಿರೋಧಕ ಎಲ್‌ಇಡಿ ಬ್ಯಾಟನ್ ಸೂಕ್ತ. ನಾಲ್ಕು ಅಡಿಯ ಉದ್ದಕ್ಕೂ ಶಾಖ ಹಂಚಿಹೋಗುವುದರಿಂದ ಅದು ಕಡಿಮೆ ಬಿಸಿಯಾಗುತ್ತದೆ.

ದೀಪದ ಮೇಲಿನ ಐಪಿ ಸಂಖ್ಯೆಯ ಮೊದಲ ಅಂಕಿ ಧೂಳಿನಿಂದ, ಎರಡನೆಯ ಅಂಕಿ ನೀರಿನಿಂದ ದೊರೆಯುವ ರಕ್ಷಣೆಯನ್ನು ಸೂಚಿಸುತ್ತದೆ. ಐಪಿ 65 ಎಂದರೆ ಧೂಳು ಒಳಸೇರದು ಮತ್ತು ಪೈಪಿನಿಂದ ಚಿಮ್ಮುವ ನೀರನ್ನು ತಡೆಯುತ್ತದೆ ಎಂದರ್ಥ. ತೊಳೆಯುವ ಕೊಟ್ಟಿಗೆ ಮತ್ತು ಕೋಳಿಮನೆಗಳಿಗೆ ಇದು ಕನಿಷ್ಠ ಅಗತ್ಯ.

ಶುಷ್ಕವಾದ, ಧೂಳಿಲ್ಲದ ಕಡೆ, ಉದಾಹರಣೆಗೆ ಮನೆಯ ಜಗುಲಿಯ ಒಳಭಾಗದಲ್ಲಿ, ಮುಚ್ಚಳದ ಅಗತ್ಯವೇ ಇಲ್ಲದಿರಬಹುದು. ಅಲ್ಲಿ ತೆರೆದ ಹೋಲ್ಡರ್ ಬಳಸುವುದೇ ಉತ್ತಮ. ಆದರೆ ಧೂಳು, ತೇವ ಮತ್ತು ಒಣಹುಲ್ಲು ಇರುವ ಕಡೆ ಬಲ್ಬು ಬಾಳಲೆಂದು ಮುಚ್ಚಳ ತೆಗೆಯುವುದು ಅಪಾಯಕಾರಿ.

ಸ್ಥಳವಾರು ಶಿಫಾರಸುಗಳು

ಮೊಟ್ಟೆಕೋಳಿ ಮನೆ: ಮೊಟ್ಟೆಯಿಡುವ ಕೋಳಿಗಳಿಗೆ ಹಗಲಿನ ಬೆಳಕೂ ಸೇರಿ ದಿನಕ್ಕೆ ಸುಮಾರು 16 ಗಂಟೆ ಬೆಳಕು ಒದಗಿಸುವುದು ವಾಡಿಕೆ. ತೆರೆದ ಬದಿಯ ಮನೆಗಳಲ್ಲಿ ದಿನಕ್ಕೆ ಸುಮಾರು ನಾಲ್ಕು ಗಂಟೆ ಮಾತ್ರ ಕೃತಕ ಬೆಳಕು ಬೇಕಾಗುತ್ತದೆ. ಮೇವಿನ ತೊಟ್ಟಿಯ ಮಟ್ಟದಲ್ಲಿ ಸಾಧಾರಣ ಬೆಳಕು ಸಾಕಾಗುವುದರಿಂದ ಹಳದಿ ಛಾಯೆಯ ಸಣ್ಣ ಬಲ್ಬುಗಳನ್ನು ಹತ್ತಿರ ಹತ್ತಿರ ಹಾಕುವುದು ಒಳ್ಳೆಯದು. ಹಿಕ್ಕೆಯಿಂದ ಹೊರಡುವ ಅಮೋನಿಯ ಹಿತ್ತಾಳೆ ಮತ್ತು ತಾಮ್ರದ ಭಾಗಗಳನ್ನು ತಿನ್ನುತ್ತದೆ. ಆದುದರಿಂದ ಹೋಲ್ಡರ್‌ನ ಪಿನ್ನುಗಳು ಹಸಿರುಗಟ್ಟಿವೆಯೇ ಎಂದು ಆಗಾಗ ಪರಿಶೀಲಿಸಬೇಕು.

ಮರಿಮನೆ: ಇಲ್ಲಿ ಬೆಳಕು ಮತ್ತು ಕಾವು ಎರಡು ಬೇರೆ ಅಗತ್ಯಗಳು. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಕಾವು ಬೇಕು. ಕಾವಿಗಾಗಿ ಹಾಕಿದ ಬುರುಡೆ ಬಲ್ಬು ಅಥವಾ ಇನ್‌ಫ್ರಾರೆಡ್ ಬಲ್ಬನ್ನು ವಿದ್ಯುತ್ ಉಳಿತಾಯಕ್ಕೆಂದು ಎಲ್‌ಇಡಿಗೆ ಬದಲಿಸಿದರೆ ಮರಿಗಳು ಚಳಿಗೆ ಸಾಯುತ್ತವೆ. ಕಾವಿನ ಬಲ್ಬನ್ನು ಎಂದಿಗೂ ಮುಚ್ಚಿದ ಫಿಟಿಂಗ್‌ನಲ್ಲಿ ಹಾಕಬಾರದು. ಪಿಂಗಾಣಿ ಹೋಲ್ಡರ್, ತಂತಿ ಜಾಲರಿಯ ರಕ್ಷಣೆ ಮತ್ತು ತೂಗುಹಾಕಲು ಸರಪಳಿ ಇರಬೇಕು. ವಿದ್ಯುತ್ ತಂತಿಯಿಂದಲೇ ತೂಗುಹಾಕಬಾರದು. ಹಾಸಿಗೆಯಾಗಿ ಹರಡಿದ ಭತ್ತದ ಹೊಟ್ಟಿನಿಂದ ಸಾಕಷ್ಟು ಎತ್ತರದಲ್ಲಿರಬೇಕು. ಬೆಳಕಿಗಾಗಿ ಪ್ರತ್ಯೇಕ ಎಲ್‌ಇಡಿ ದೀಪವನ್ನು ಕಾವಿನ ಬಲ್ಬಿನಿಂದ ದೂರದಲ್ಲಿ ಅಳವಡಿಸಬೇಕು.

ದನದ ಕೊಟ್ಟಿಗೆ: ಕೈಗೆ ಮತ್ತು ಕೊಂಬಿಗೆ ಎಟುಕದ ಎತ್ತರದಲ್ಲಿ ಐಪಿ 65 ಬಲ್ಕ್‌ಹೆಡ್ ದೀಪ ಹಾಕಬೇಕು. ಮನುಷ್ಯರಿಗಿಂತ ದನಗಳು ವಿದ್ಯುದಾಘಾತಕ್ಕೆ ಸುಲಭವಾಗಿ ತುತ್ತಾಗುತ್ತವೆ. ಲೋಹದ ಫಿಟಿಂಗ್‌ಗೆ ಭೂಸಂಪರ್ಕ ಹಾಗೂ ಕೊಟ್ಟಿಗೆಯ ಮಾರ್ಗಕ್ಕೆ 30 ಮಿಲಿಆಂಪಿಯರ್ ಸಾಮರ್ಥ್ಯದ ಸೋರಿಕೆ ರಕ್ಷಕ ಸ್ವಿಚ್ ಕಡ್ಡಾಯವಾಗಿ ಇರಬೇಕು.

ಪಂಪ್‌ಮನೆ: ಸಣ್ಣ ಕೋಣೆ, ತಗಡಿನ ಚಾವಣಿ, ಮೋಟಾರಿನ ಶಾಖ ಈ ಮೂರೂ ಇಲ್ಲಿ ಸೇರುತ್ತವೆ. ದೀಪವನ್ನು ಚಾವಣಿಗೆ ಹಾಕದೆ ಗೋಡೆಯ ಮೇಲೆ, ಬಾಗಿಲಿನ ಮಟ್ಟದಲ್ಲಿ ಹಾಕಬೇಕು. 3ರಿಂದ 5 ವ್ಯಾಟ್ ಸಾಕು. ಮೋಟಾರು ಆರಂಭ ಮತ್ತು ನಿಲುಗಡೆಯ ವೇಳೆ ಉಂಟಾಗುವ ವೋಲ್ಟೇಜ್ ಜಿಗಿತದಿಂದ ಬಲ್ಬನ್ನು ರಕ್ಷಿಸಲು, ಓದುವ ಕೆಲಸ ಮುಗಿದ ನಂತರ ದೀಪವನ್ನು ಆರಿಸುವ ಅಭ್ಯಾಸ ಒಳ್ಳೆಯದು.

ಧಾನ್ಯದ ಉಗ್ರಾಣ, ಹುಲ್ಲು ಮತ್ತು ಹತ್ತಿಯ ಸಂಗ್ರಹ: ಮುಚ್ಚಳವಿಲ್ಲದ ದೀಪವನ್ನು ಇಲ್ಲಿ ಬಳಸಲೇಬಾರದು. ದಾಸ್ತಾನು ದೀಪಕ್ಕೆ ತಾಗದಂತೆ ಅಂತರವಿರಬೇಕು. ಚೀಲಗಳನ್ನು ಮೇಲಕ್ಕೆ ಪೇರಿಸುತ್ತಾ ಹೋದಂತೆ ದೀಪ ಅವುಗಳ ನಡುವೆ ಹೂತುಹೋಗಬಾರದು. ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಹೊರಡುವ ಫಾಸ್ಫೀನ್ ಅನಿಲ ತಾಮ್ರವನ್ನು ತಿನ್ನುವುದರಿಂದ, ತಜ್ಞರ ಮೇಲ್ವಿಚಾರಣೆಯಲ್ಲಿ ಧೂಮೀಕರಣ ನಡೆಸುವ ಮೊದಲು ಬಲ್ಬುಗಳನ್ನು ತೆಗೆದಿಡಬೇಕು.

ಅಳವಡಿಕೆ ಮತ್ತು ನಿರ್ವಹಣೆ

• ಬಲ್ಬು ಬದಲಿಸುವ ಮೊದಲು ಸ್ವಿಚ್ ಮಾತ್ರವಲ್ಲ, ಆ ಮಾರ್ಗದ ಎಂಸಿಬಿಯನ್ನೂ ಆರಿಸಬೇಕು. ಒದ್ದೆ ಕೈ, ಒದ್ದೆ ನೆಲದಲ್ಲಿ ಕೆಲಸ ಮಾಡಬಾರದು. ಮರದ ಏಣಿ ಬಳಸಬೇಕು.

• ಹೋಲ್ಡರ್‌ನ ಪಿನ್ನುಗಳು ಸಡಿಲವಾಗಿದ್ದರೆ, ಕಪ್ಪಾಗಿದ್ದರೆ ಅಥವಾ ಪ್ಲಾಸ್ಟಿಕ್ ಕಂದಿದ್ದರೆ ಹೋಲ್ಡರನ್ನು ಮೊದಲು ಬದಲಿಸಬೇಕು. ಸಡಿಲ ಸಂಪರ್ಕವೂ ಬಿಸಿಯನ್ನು ಹುಟ್ಟಿಸುತ್ತದೆ. ಹೊಸ ಬಲ್ಬನ್ನೂ ಕೆಡಿಸುತ್ತದೆ.

• ಬಲ್ಬು ಫಿಟಿಂಗ್‌ನ ಗಾಜಿಗೆ ತಾಗಬಾರದು. ಸುತ್ತಲೂ ಕನಿಷ್ಠ ಎರಡು ಬೆರಳಿನಷ್ಟು ಜಾಗವಿರಬೇಕು. ಜಾಗ ದೊಡ್ಡದಾದಷ್ಟೂ ಬಿಸಿ ಕಡಿಮೆ.

• ತಿಂಗಳಿಗೊಮ್ಮೆ ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಬೇಕು. ಧೂಳಿನ ಪದರ ಬೆಳಕನ್ನು ತಡೆಯುತ್ತದೆ, ಶಾಖವನ್ನೂ ತಡೆಯುತ್ತದೆ.

• ಮುಚ್ಚಳದ ರಬ್ಬರ್ ಪಟ್ಟಿ ಹರಿದಿದ್ದರೆ ಬದಲಿಸಬೇಕು. ದೀಪ ಆರಿದಾಗ ಒಳಗಿನ ಗಾಳಿ ತಣಿದು ಕುಗ್ಗಿ, ಹೊರಗಿನ ತೇವದ ಗಾಳಿಯನ್ನು ಸಂದುಗಳ ಮೂಲಕ ಒಳಗೆಳೆಯುತ್ತದೆ. ಗಾಜಿನ ಒಳಮೈಯಲ್ಲಿ ನೀರಿನ ಹನಿಗಳು ಕಾಣುವುದು ಇದರ ಲಕ್ಷಣ.

• ಶಾಖ ಹೋಗಲೆಂದು ನೀರುನಿರೋಧಕ ಫಿಟಿಂಗ್‌ಗೆ ರಂಧ್ರ ಕೊರೆಯಬಾರದು. ನೀರು ಮತ್ತು ಹುಳು ಒಳಸೇರಿ ಶಾರ್ಟ್ ಸರ್ಕ್ಯೂಟ್ ಆಗಬಹುದು.

ಬಲ್ಬು ಪದೇ ಪದೇ ಕೆಡುತ್ತಿದ್ದರೆ ಕಾರಣ ಗುರುತಿಸುವ ಬಗೆ

ಒಂದು ಸ್ಥಳದ ಬಲ್ಬು ಮಾತ್ರ ಮತ್ತೆ ಮತ್ತೆ ಕೆಡುತ್ತಿದ್ದರೆ ಕಾರಣ ಆ ಫಿಟಿಂಗ್‌ನ ಬಿಸಿ ಅಥವಾ ಹೋಲ್ಡರ್‌ನ ಸಡಿಲ ಸಂಪರ್ಕ. ಗುಡುಗು-ಸಿಡಿಲಿನ ನಂತರ ಹಲವು ಬಲ್ಬುಗಳು ಒಟ್ಟಿಗೇ ಕೆಟ್ಟರೆ ಕಾರಣ ವೋಲ್ಟೇಜ್ ಜಿಗಿತ. ಇದಕ್ಕೆ ಮುಖ್ಯ ಫಲಕದಲ್ಲಿ ಸರ್ಜ್ ರಕ್ಷಕ ಮತ್ತು ಸರಿಯಾದ ಭೂಸಂಪರ್ಕ ಪರಿಹಾರ. ಹಚ್ಚಿದ ಸ್ವಲ್ಪ ಹೊತ್ತಿನ ನಂತರ ಆರಿ, ತಣಿದ ಮೇಲೆ ಮತ್ತೆ ಹತ್ತುವ ಬಲ್ಬು ಅತಿ ಶಾಖದಿಂದ ಬಳಲುತ್ತಿದೆ ಎಂದು ತಿಳಿಯಬೇಕು. ಅದನ್ನು ತೆರೆದ ಹೋಲ್ಡರ್‌ಗೆ ಹಾಕಿ ನೋಡಿದಾಗ ಸರಿಯಾಗಿ ಉರಿದರೆ ಕಾರಣ ಖಚಿತವಾಗುತ್ತದೆ. ಸ್ವಿಚ್ ಆರಿಸಿದ ನಂತರವೂ ಬಲ್ಬು ಮಂದವಾಗಿ ಬೆಳಗುತ್ತಿದ್ದರೆ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿರುವ ಸಾಧ್ಯತೆಯಿದೆ. ಇದು ಬಲ್ಬು ಬದಲಿಸುವವರ ಪ್ರಾಣಕ್ಕೆ ಅಪಾಯ, ಕೂಡಲೇ ಸರಿಪಡಿಸಬೇಕು.

ಖರ್ಚಿನ ಲೆಕ್ಕ

ರಾತ್ರಿಯಿಡೀ 12 ಗಂಟೆ ಉರಿಯುವ ಒಂದು ಕಾವಲು ದೀಪವನ್ನು ಪರಿಗಣಿಸೋಣ. ವರ್ಷಕ್ಕೆ ಅದು 4,380 ಗಂಟೆ ಉರಿಯುತ್ತದೆ.

60 ವ್ಯಾಟ್ ಬುರುಡೆ ಬಲ್ಬು: ವರ್ಷಕ್ಕೆ ಸುಮಾರು 263 ಯೂನಿಟ್ ವಿದ್ಯುತ್, ನಾಲ್ಕಕ್ಕೂ ಹೆಚ್ಚು ಬಲ್ಬುಗಳು.

9 ವ್ಯಾಟ್ ಎಲ್‌ಇಡಿ ಬಲ್ಬು: ವರ್ಷಕ್ಕೆ ಸುಮಾರು 39 ಯೂನಿಟ್.

5 ವ್ಯಾಟ್ ಎಲ್‌ಇಡಿ ಬಲ್ಬು: ವರ್ಷಕ್ಕೆ ಸುಮಾರು 22 ಯೂನಿಟ್.

25,000 ಗಂಟೆ ನಿಜವಾಗಿಯೂ ಬಾಳಿದರೆ ಈ ದೀಪಕ್ಕೆ ಐದೂವರೆ ವರ್ಷಕ್ಕೂ ಹೆಚ್ಚು ಕಾಲ ಒಂದೇ ಬಲ್ಬು ಸಾಕು. ಬಿಸಿಯಿಂದ 2,000 ಗಂಟೆಗೇ ಕೆಟ್ಟರೆ ಐದೂವರೆ ತಿಂಗಳಿಗೊಂದು ಬಲ್ಬು ಬೇಕು. ಅದೇ ಐದೂವರೆ ವರ್ಷದಲ್ಲಿ ಹನ್ನೆರಡು ಬಾರಿ ಖರೀದಿ, ಹನ್ನೆರಡು ಬಾರಿ ಏಣಿ. ಅಂಗಡಿಯಲ್ಲಿ ಅಗ್ಗವಾಗಿ ಕಂಡ ಬಲ್ಬು ಹೀಗೆ ದುಬಾರಿಯಾಗುತ್ತದೆ.

ಕೆಟ್ಟ ಬಲ್ಬುಗಳ ವಿಲೇವಾರಿ

ಕೆಟ್ಟ ಎಲ್‌ಇಡಿ ಮತ್ತು ಸಿಎಫ್‌ಎಲ್ ಬಲ್ಬುಗಳನ್ನು ತಿಪ್ಪೆಗೆ ಎಸೆಯಬಾರದು. ಅವುಗಳ ಚೂರುಗಳು ಗೊಬ್ಬರದೊಂದಿಗೆ ಹೊಲ ಸೇರುತ್ತವೆ. ಪೆಟ್ಟಿಗೆಯಲ್ಲಿ ಸಂಗ್ರಹಿಸಿ ವಿದ್ಯುನ್ಮಾನ ತ್ಯಾಜ್ಯ ಸ್ವೀಕರಿಸುವವರಿಗೆ ನೀಡಬೇಕು. ಖಾತರಿ ಅವಧಿಯೊಳಗೆ ಕೆಟ್ಟ ಬಲ್ಬನ್ನು ರಸೀದಿಯೊಂದಿಗೆ ಅಂಗಡಿಗೆ ಹಿಂತಿರುಗಿಸಬೇಕು. ಸಿಎಫ್‌ಎಲ್ ಒಡೆದರೆ ಕಿಟಕಿ ತೆರೆದು, ಸ್ವಲ್ಪ ಹೊತ್ತು ಹೊರಗಿದ್ದು, ನಂತರ ಚೂರುಗಳನ್ನು ಗಟ್ಟಿ ಕಾಗದದಿಂದ ಎತ್ತಬೇಕು, ಪೊರಕೆಯಿಂದ ಗುಡಿಸಬಾರದು.

ಸಾರಾಂಶ

ಮುಚ್ಚಿದ ಫಿಟಿಂಗ್‌ನಲ್ಲಿ ಬಲ್ಬಿನ ಆಯುಷ್ಯವನ್ನು ನಿರ್ಧರಿಸುವುದು ಪೆಟ್ಟಿಗೆಯ ಮೇಲಿನ ಸಂಖ್ಯೆಯಲ್ಲ, ಡ್ರೈವರ್‌ನ ಸುತ್ತಲಿನ ಉಷ್ಣತೆ. ಆದುದರಿಂದ ರೈತ ಬಾಂಧವರು ಮುಚ್ಚಿದ ಫಿಟಿಂಗ್‌ಗೆ ಯೋಗ್ಯವಾದ, ಮಾನಕ ಗುರುತಿರುವ, ಸಾಕಾಗುವಷ್ಟೇ ವ್ಯಾಟ್‌ನ ಬಲ್ಬನ್ನು ಆರಿಸಬೇಕು. ಹೆಚ್ಚು ಬೆಳಕು ಬೇಕಿದ್ದರೆ ಫಿಟಿಂಗ್‌ಗಳ ಸಂಖ್ಯೆಯನ್ನು ಹೆಚ್ಚಿಸಬೇಕು ಅಥವಾ ಲೋಹದ ಬೆನ್ನಿನ ಪೂರ್ಣ ಎಲ್‌ಇಡಿ ದೀಪ ಅಳವಡಿಸಬೇಕು. ಕಾವಿನ ಬಲ್ಬನ್ನು ಎಲ್‌ಇಡಿಗೆ ಬದಲಿಸಬಾರದು. ಧೂಳು ಮತ್ತು ಹುಲ್ಲಿರುವ ಕಡೆ ಮುಚ್ಚಳ ತೆಗೆಯಬಾರದು.

ವಿಸ್ತರಣಾ ಕಾರ್ಯಕರ್ತರು ಕೋಳಿಮನೆ ಹಾಗೂ ಕೊಟ್ಟಿಗೆಗಳ ಭೇಟಿಯ ವೇಳೆ ಫಿಟಿಂಗ್, ಹೋಲ್ಡರ್ ಮತ್ತು ಭೂಸಂಪರ್ಕಗಳನ್ನೂ ಗಮನಿಸಿ ರೈತರಿಗೆ ತಿಳಿವಳಿಕೆ ನೀಡಬೇಕು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ತಂತಿ ಜೋಡಣೆಯ ಬದಲಾವಣೆಗಳನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು.